ಗುಟಕಾ ತಿಂದ ರಕ್ತ

"ಇವನ ರಕ್ತ ಯಾಕ್ ಬೇಕ್ರಿ ಡಾಕ್ಟ್ರ? ಗುಟಕಾ ತಿಂದ ರಕ್ತ ಅದು. ಸಾಲ್ಯಾಗ ಒಂಬತ್ತನೆತ್ತಾ ದಾಟಿಲ್ಲ ಈ ಮಗಾ. ಇದನ್ನ ನನ್ನ ಮಗಳ ಮೈಯಾಗ ಹಾಕ್ತೀರೇನು?"

ಲಕ್ಷ್ಮಣ ಮಾವ ನನ್ನನ್ನು ತೋರಿಸಿ ಇದನ್ನು ಬೆಳಗಾವಿಯ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಹೇಳಿದ. ಖಾನಾಪುರದಿಂದ ಟೆಂಪೊ ಮಾಡಿಕೊಂಡು ಬಂದಿದ್ದ ನೆಂಟರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಇಬ್ಬರು ನಕ್ಕರು. ಸಿದರಾಯ ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡ. ಮಾವನ ಕೊರಳಪಟ್ಟಿಗೆ ಹೋಗುತ್ತಿದ್ದ ಕೈಯನ್ನು ನಾನು ಜೇಬಿಗೆ ಹಾಕಿಕೊಂಡೆ. ಬಾಯಲ್ಲಿ ಗುಟಕಾ ಇತ್ತು, ಅದು ಸುಳ್ಳಲ್ಲ.

"ಬಾಯಿ ತೊಳ್ಕೊಂಡು ಬಾರಪ್ಪ" ಎಂದರು ಡಾಕ್ಟರು. "ಕೆನ್ನೆ ಒಳಗಿಂದ ಸ್ಯಾಂಪಲ್ ತಗೋಬೇಕು."

ತೊಳೆದುಕೊಂಡು ಬಂದೆ. ಹತ್ತಿ ಕೆಂಪಾಯಿತು. ಸಿಸ್ಟರು ಮತ್ತೆ ನಳದ ಕಡೆ ಬೆರಳು ಮಾಡಿದರು.

ಮಾವನ ಮಗಳು ಅನುರಾಧಾಗೆ ರಕ್ತದ ಕ್ಯಾನ್ಸರ್. ಔಷಧಕ್ಕೆ ಒಮ್ಮೆ ಹೋದದ್ದು ತಿರುಗಿ ಬಂದಿತ್ತು. ರಕ್ತ ಹುಟ್ಟಿಸುವ ಕಣಗಳನ್ನು ಅವಳ ಮೈಗೆ ಹೊಂದುವ ಬೇರೊಬ್ಬರಿಂದ ತಂದು ಹಾಕಬೇಕು, ಬೇರೆ ದಾರಿ ಇಲ್ಲ ಎಂದಿದ್ದರು. ಅವಳ ತಮ್ಮ ಶಿವಲಿಂಗನದು ಹೊಂದಲಿಲ್ಲ. ಹೆಸರು ಬರೆಸಿದ ದಾನಿಗಳಲ್ಲೂ ಯಾರೂ ಸಿಗಲಿಲ್ಲ. ರಕ್ತದ ಗುಂಪು ಒಂದಾದರೆ ಸಾಕು ಎಂದುಕೊಂಡು ನಮ್ಮ ಮಂದಿಯಲ್ಲಿ ಬಿ ಪಾಸಿಟಿವ್ ಇದ್ದವರೆಲ್ಲ ಟೆಂಪೊ ಹತ್ತಿದ್ದರು. ಡಾಕ್ಟರು ಯಾರು ಯಾರಿಗೆ ಏನಾಗಬೇಕು ಎಂದು ಕೇಳಿ, ಅವರನ್ನೆಲ್ಲ ಬಿಟ್ಟು ನನ್ನನ್ನು ಕರೆದರು. ಮಾವನಿಗೆ ತಡೆಯದಾದದ್ದು ಅದು.

ನಮ್ಮದು ಅದಲಿ ಬದಲಿ ಲಗ್ನದ ಮನೆ. ನನ್ನ ಅವ್ವ ಮಾಯವ್ವ ಮಾವನ ಅಕ್ಕ. ಮಾವನ ಹೆಂಡತಿ ನಿಂಗವ್ವತ್ತಿ ನನ್ನ ಅಪ್ಪನ ತಂಗಿ. ಹೆಣ್ಣು ಕೊಟ್ಟ ಮನೆಯಿಂದಲೇ ಹೆಣ್ಣು ತಂದು ಎರಡೂ ಲಗ್ನ ಒಂದೇ ಹಂದರದಲ್ಲಿ ಮುಗಿಸಿದ್ದರು. ಹಾಗಾಗಿ ಅನುರಾಧಾಳ ಅಜ್ಜ ಅಜ್ಜಿಯರೇ ನನ್ನ ಅಜ್ಜ ಅಜ್ಜಿಯರು, ಎರಡೂ ಕಡೆಯಿಂದ. ಇಂಥಲ್ಲಿ ಹೊಂದಿದರೂ ಹೊಂದೀತು ಎಂದರು ಡಾಕ್ಟರು.

ಇದೇ ಸಂಬಂಧ ಹಿಡಿದು ಅವ್ವ ಹಿಂದೆ ಅನುರಾಧಾಳನ್ನು ನನಗೆ ಕೇಳಿದ್ದಳು. "ಫೌಂಡ್ರ್ಯಾಗ ಕಬ್ಬಿಣ ಸುರಿಯಾಂವಗ ಎಂ.ಎಸ್ಸಿ. ಮಾಡಿದ ಹುಡುಗಿ ಬೇಕಂತ" ಎಂದು ಮಾವ ಹಿಂದವಾಡಿಯ ಹೊಸ ಮನೆಯ ಮೆಟ್ಟಿಲ ಮೇಲೆಯೇ ನಿಲ್ಲಿಸಿ ಕಳಿಸಿದ್ದ. ಕೇಳಿದ್ದು ಅವ್ವ. ನನ್ನನ್ನು ಯಾರೂ ಕೇಳಿರಲಿಲ್ಲ, ಅನುರಾಧಾಳನ್ನೂ ಕೇಳಿರಲಿಲ್ಲ.

ನನ್ನ ಸ್ಯಾಂಪಲ್ ಪೂರಾ ಹೊಂದಿತು. ಡಾಕ್ಟರ ಫೋನು ಬಂದಾಗ ನಾನು ಪಾಳಿ ಮುಗಿಸಿ ಪೀರನವಾಡಿಯ ಬಾಡಿಗೆ ಖೋಲಿಯಲ್ಲಿದ್ದೆ. ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಅವ್ವ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು.

"ಬೆನ್ನಾಗಿಂದ ತಗೀತಾರಂತಲ್ಲೋ. ಆಮ್ಯಾಲ ನೀ ಮೂಲಿ ಹಿಡದು ಕುಂತ್ರ?"

"ಬೆನ್ನಾಗಿಂದ ಅಲ್ಲಬೇ. ಒಂದು ಕೈಯಾಗಿಂದ ರಕ್ತ ಮಷಿನ್ದಾಗ ಹೋಗಿ, ಬೇಕಾದ್ದು ಅಲ್ಲೇ ಬಿಟ್ಟು, ಇನ್ನೊಂದು ಕೈಯಾಗ ತಿರುಗಿ ಬರತೈತಿ."

ಮೊರ ನಿಂತಿತು. "ಹಂಗಾರ ಈಗ ಕೇಳೂ ಹೊತ್ತು. ಹುಡುಗೀನ ಕೊಡಾಂವ ಇದ್ರ ನನ್ನ ಮಗಾ ಕೊಡ್ತಾನ ಅಂತ ಲಕ್ಷ್ಮಣಗ ಹೇಳ್ತೀನಿ."

"ಹೇಳಬ್ಯಾಡ. ಅಕಿ ಏನು ಎಮ್ಮಿ ಏನಬೇ?"

ಹೇಳಿದಳು. ನಾನು ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಫೋನು ಮಾಡಿ ಮುಗಿಸಿದ್ದಳು.

ಡಾಕ್ಟರು ನನ್ನನ್ನು ಒಬ್ಬನನ್ನೇ ಕೂರಿಸಿಕೊಂಡರು. "ಅವಳ ಮಜ್ಜೆಯನ್ನ ಔಷಧ ಹಾಕಿ ಪೂರ್ತಿ ಸುಡ್ತೇವೆ. ಅದು ಶುರುವಾದ ಮೇಲೆ ನೀನು ಒಲ್ಲೆ ಅಂದರೆ ಅವಳು ಉಳಿಯಲ್ಲ. ಅನ್ನೋದಿದ್ದರೆ ಇವತ್ತೇ ಅನ್ನು."

ನಾನು ಗುಟಕಾ ಬಿಡಬೇಕೇನು ಎಂದು ಕೇಳಿದೆ. ಬಿಟ್ಟರೆ ನಿನಗೇ ಒಳ್ಳೇದು ಎಂದರು.

ಅವಳಿಗೆ ಔಷಧ ಶುರುವಾಯಿತು. ಆಮೇಲೆ ನನಗೆ ದಿನಾ ಸೂಜಿ, ಕಣಗಳು ಹೆಚ್ಚಾಗಿ ರಕ್ತಕ್ಕೆ ಬರಲಿ ಎಂದು. ಸೊಂಟದ ಎಲುಬು ಫೌಂಡ್ರಿಯಲ್ಲಿ ಅಚ್ಚು ಒಡೆಯುವಾಗಿನ ಹಾಗೆ ನೋಯುತ್ತಿತ್ತು. ಕೊನೆಯ ಸೂಜಿಯ ದಿನ ಸಂಜೆ ಅನುರಾಧಾ, ಸೋಂಕು ತಗಲದಂತೆ ಅವಳನ್ನು ಇಟ್ಟಿದ್ದ ಗಾಜಿನ ಕೋಣೆಯಿಂದ ಫೋನು ಮಾಡಿದಳು.

"ಕಲ್ಮ್ಯಾ, ನಿನ್ನ ರಕ್ತ ಬಂದ್ರ ನಿನ್ನ ಸಿಟ್ಟೂ ಬರತೈತೇನೋ?"

"ಬಂದ್ರ ಚಲೋ ಆತು. ನಿಮ್ಮಪ್ಪನ ಮುಂದ ಬೇಕಾಗತೈತಿ."

ನಕ್ಕಳು. ನಗು ಕೆಮ್ಮಾಯಿತು. "ನಿಮ್ಮವ್ವ ಫೋನ್ ಮಾಡಿದ್ಲಂತ. ಕೇಳು ಅಂತ ನೀ ಹೇಳಿದ್ಯೇನು?"

"ಇಲ್ಲ."

"ಹಂಗಾರ ಸರಿ. ಬದುಕಿದ ಮ್ಯಾಲ ಯಾರನ್ನ ಮಾಡ್ಕೋಬೇಕು ಅಂತ ನಾನ ನೋಡ್ಕೋತೀನಿ. ನೀ ನಾಳೆ ತಪ್ಪಸಬ್ಯಾಡ."

"ತಪ್ಪಸಂಗಿಲ್ಲ."

ಮರುದಿನ ಅದೇ ಪಡಸಾಲೆ, ಅದೇ ಬೆಂಚು, ಅದೇ ನೆಂಟರು. ಜೀವಾನ ಕೊಟ್ಟ ಮ್ಯಾಲ ಹುಡುಗಿ ಅವಂದ ಆತಲ್ಲ ಎಂದು ಸಿದರಾಯ ಕಾಕಾ ಯಾರಿಗೋ ಹೇಳುತ್ತಿದ್ದ. ಅದು ಮಾವನ ಕಿವಿಗೆ ಬಿತ್ತು. ಅವನು ಬಂದು ಬಾಗಿಲಿಗೆ ಅಡ್ಡ ಕೈ ಇಟ್ಟ.

"ನಿಂದ್ರೋ. ನಾಲ್ಕು ಮಂದಿ ಮುಂದ ಆಣಿ ಮಾಡಿ ಒಳಗ ಹೋಗು. ಇದನ್ನ ಹಿಡಕೊಂಡು ನಾಳೆ ನನ್ನ ಮಗಳನ್ನ ಕೇಳಂಗಿಲ್ಲ ಅಂತ ಹೇಳು."

"ಬಾಯಿ ಮುಚ್ಚರಿ" ಎಂದಳು ನಿಂಗವ್ವತ್ತಿ. "ಅಂವ ತಿರುಗಿ ಹ್ವಾದ್ರ ಒಳಗಿನಕಿ ಸಾಯ್ತಾಳ."

ಮಾವನಿಗೆ ಅದು ಗೊತ್ತಿತ್ತು. ಆದರೂ ಬಾಗಿಲ ಮೇಲಿನ ಕೈ ತೆಗೆಯಲಿಲ್ಲ.

ಅವ್ವ ಬೆಂಚಿನಿಂದ ಎದ್ದಳು. "ನೀನೂ ಹೇಳೋ ಕಲ್ಮೇಶ. ಹುಡುಗೀನ ಕೊಡ್ತೀನಿ ಅಂತ ಮಾವ ಮಾತು ಕೊಟ್ರ ಒಳಗ ಹೋಗ್ತೀನಿ ಅನ್ನು. ಅಂಜತಿ ಯಾಕ?"

"ಹೇಳಲೇ" ಎಂದ ಮಾವ. "ಕೇಳ್ತೀಯೋ, ಕೇಳಂಗಿಲ್ಲೋ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅದರಲ್ಲಿ ಗುಟಕಾ ಇರಲಿಲ್ಲ. ಒಳಗಿನಿಂದ ಸಿಸ್ಟರು ನನ್ನ ಹೆಸರು ಕೂಗಿದರು. ನಾನು ಮಾವನ ಕೈಯನ್ನು ಬಾಜುವಿಗೆ ಸರಿಸಿ, ಅಂಗಿಯ ತೋಳು ಮಡಚುತ್ತ ಮಷಿನ್ ಇದ್ದ ಕೋಣೆಯ ಕಡೆ ನಡೆದೆ.