ಮೂರು ಪೆಟ್ಟಿಗೆ, ಒಂದೇ ಸಾಲು

ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಗುರುಪಾದನ ಸ್ಟುಡಿಯೋ ಇತ್ತು. ಅದನ್ನು ಸ್ಟುಡಿಯೋ ಎಂದು ಕರೆಯುವಾಗಲೆಲ್ಲ ಅಲ್ಲಿ ಕೆಲಸಕ್ಕಿದ್ದ ಕಳಕೇಶನ ನಾಲಿಗೆ ಕಹಿಯಾಗುತ್ತಿತ್ತು. ಗೋಡೆಗೆ ಸ್ಪಂಜು ಬಡಿದು ಬಾಗಿಲಿಗೆ ಕೆಂಪು ದೀಪ ಹಾಕಿದ ಮಾತ್ರಕ್ಕೆ ಯೂರಿಯಾ ವಾಸನೆ ಹೋಗುತ್ತದೆಯೇ? ಅಲ್ಲಿ ಆಗುವ ಕೆಲಸವಾದರೂ ಎಂಥದು! ಮದುವೆ ವಿಡಿಯೋದ ಹಾಡು, ಭಜನಾ ಮೇಳದವರ ಪದ, ಗಜೇಂದ್ರಗಡದ ಸೀರೆ ಅಂಗಡಿಯವರು ಆಟೋದಲ್ಲಿ ಕೂಗಿಸುವ ಜಾಹೀರಾತು. ಹದಿನಾರು ವರ್ಷ ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಸೌಂಡ್ ನೋಡಿಕೊಂಡು ಬಂದ ತನಗೆ ಈ ಗತಿ ಬಂತಲ್ಲ ಎಂದು ಅವನಿಗೆ ದಿನಕ್ಕೆ ಮೂರು ಸಲವಾದರೂ ಅನಿಸುತ್ತಿತ್ತು.

ಗುರುಪಾದ ಸಾವುಕಾರರ ಮಗ. ಅಪ್ಪನಿಗೆ ನರಗುಂದದಲ್ಲಿ ಹತ್ತಿ ವ್ಯಾಪಾರ, ಕೆಳಗಿನ ಅಂಗಡಿಯೂ ಅವರದೇ. ಇಪ್ಪತ್ತೆಂಟರ ಈ ಹುಡುಗನಿಗೆ ತಾಳ ಯಾವುದು, ತಾಳ ತಪ್ಪಿದ್ದು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆದರೆ ಯಂತ್ರಗಳ ಹೆಸರು ಬಾಯಿಪಾಠ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಈ ಸಲ ಮೂರು ಡಿಲೇ ಯಂತ್ರಗಳನ್ನು ತರಿಸಿದ್ದ. ಒಂದರ ಹೊಟ್ಟೆಯಲ್ಲಿ ಹಳೆಯ ಕ್ಯಾಸೆಟ್ಟಿನಂತೆ ಟೇಪು ಸುತ್ತುತ್ತಿತ್ತು. ಇನ್ನೊಂದು ಅನಲಾಗ್. ಮೂರನೆಯದು ಡಿಜಿಟಲ್. ವಾರದೊಳಗೆ ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ವಾಪಸು ಕಳಿಸಬೇಕಿತ್ತು. ಡಿಲೇ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ನಾವು ಹಾಡಿದ್ದನ್ನು ಚಿಟಿಕೆ ಹೊಡೆಯುವಷ್ಟು ಹೊತ್ತು ಬಿಟ್ಟು ಮತ್ತೆ ನಮಗೇ ಹೇಳುತ್ತದೆ, ಅಷ್ಟೆ.

“ಸಾವ್ಕಾರ್ರ, ಇದೆಲ್ಲಾ ಕಂಪ್ಯೂಟರ್‌ನ್ಯಾಗ ಪುಕ್ಕಟೆ ಐತ್ರಿ,” ಎಂದಿದ್ದ ಕಳಕೇಶ. “ನಮ್ಮ ದಿನದ ಕೆಲಸಕ್ಕ ಅದ ಸಾಕ್ರಿ. ಪೆಟಿಗಿನ ಬೇಕಂದ್ರ ಡಿಜಿಟಲ್ ಇಟ್ಕೋರ್ರಿ. ಟೇಪ್ ಸವದ್ರ ಇಲ್ಲಿ ಯಾರ ರಿಪೇರಿ ಮಾಡ್ತಾರ?”

“ಕಂಪ್ಯೂಟರ್ ದನಿಗೆ ಜೀವ ಇರೂದಿಲ್ಲ ಕಳಕೇಶ. ಟೇಪಿಂದು ಒಂಥರಾ ಬೆಚ್ಚಗ ಇರತೈತಿ. ನೀ ವಿಡಿಯೋ ನೋಡೂದಿಲ್ಲ, ಅದಕ್ಕ ನಿನಗ ತಿಳಿಯೂದಿಲ್ಲ. ಒಂದು ಅಸಲಿ ಹಳ್ಳಿ ದನಿ ಹಿಡ್ಕೊಂಡ ಬಾ. ಮೂರರಾಗೂ ಹಾಕಿ ನೋಡೂಣು.”

ಹಾಗೆ ಕಳಕೇಶ ಕರೆತಂದವನು ಅಜ್ಜಪ್ಪ, ಅವನದೇ ಊರಾದ ಮುಶಿಗೇರಿಯ ಹಂತಿ ಪದದ ಹಾಡುಗಾರ. ಹಿಂದೆ ಕಣದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವಾಗ ಹಾಡುತ್ತಿದ್ದ ಪದಗಳವು. ರಾಶಿ ಮಾಡುವ ಮಷೀನು ಬಂದ ಮೇಲೆ ಕಣವೂ ಹೋಯಿತು, ಪದವೂ ಹೋಯಿತು. ಮೂವತ್ತೆರಡು ನುಡಿಯ ಒಂದು ಪದ ಪೂರ್ತಿಯಾಗಿ ಉಳಿದದ್ದು ಅಜ್ಜಪ್ಪನ ಗಂಟಲಲ್ಲಿ ಮಾತ್ರ. ಆ ಗಂಟಲಲ್ಲೇ ಈಗ ಗಡ್ಡೆ ಎದ್ದಿತ್ತು. ಸೋಮವಾರ ಹುಬ್ಬಳ್ಳಿಯಲ್ಲಿ ಆಪರೇಷನ್. ದನಿ ಉಳಿಯುವ ಖಾತ್ರಿ ಇಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. “ಅಷ್ಟರಾಗ ಒಮ್ಮಿ ಪೂರಾ ತುಂಬ್ಕೊಂಡು ಬಿಡೋ ತಮ್ಮಾ,” ಎಂದು ಮುದುಕ ಎರಡು ಸಲ ಫೋನು ಮಾಡಿದ್ದ. ಆ ದಿನ ಶುಕ್ರವಾರ. ಶನಿವಾರ ಅವನು ಹುಬ್ಬಳ್ಳಿಗೆ ಹೋಗುವವನಿದ್ದ. ಇದಾವುದನ್ನೂ ಕಳಕೇಶ ಗುರುಪಾದನಿಗೆ ಹೇಳಿರಲಿಲ್ಲ.

ಅಜ್ಜಪ್ಪ ತೊಳೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಬಂದಿದ್ದ. ಹೆಡ್‌ಫೋನು ಹಾಕಲು ರುಮಾಲು ತೆಗೆಯಬೇಕೆಂದಾಗ ಅದನ್ನು ನಿಧಾನವಾಗಿ ಬಿಚ್ಚಿ, ಮಡಿಸಿ ತೊಡೆಯ ಮೇಲಿಟ್ಟುಕೊಂಡ.

ಕಳಕೇಶ ಒಂದು ಮಾತು ಹೇಳಿದ್ದು ನಿಜ. “ಮೊದಲ ಪದ ಪೂರಾ ಬರೇ ದನಿ ಹಿಡಿಯೂಣ್ರಿ ಸಾವ್ಕಾರ್ರ. ಆಮ್ಯಾಲ ಅದನ್ನ ಮೂರೂ ಪೆಟಿಗಿಗೆ ಬಿಟ್ಟು ಸಾವಕಾಶ ಕೇಳಿದ್ರಾತು. ಅಜ್ಜಾರಿಗೂ ತ್ರಾಸ ಆಗೂದಿಲ್ಲ.”

“ಹಂಗ ನಡಿಯೂದಿಲ್ಲ. ಡಿಲೇ ಕಿವ್ಯಾಗ ಕೇಳ್ಕೋತ ಹಾಡಿದ್ರನ ಹಾಡೋರಿಗೆ ಮೂಡ್ ಬರೂದು. ನೀ ಸುಮ್ಮ ಬಟನ್ ಒತ್ತು.”

ಕಳಕೇಶ ಸುಮ್ಮನೆ ಬಟನ್ ಒತ್ತಿದ. ಈ ಅಡ್ನಾಡಿಗೆ ಬುದ್ಧಿ ಹೇಳಿ ತನ್ನ ಬಾಯಿ ಏಕೆ ನೋಯಿಸಿಕೊಳ್ಳಬೇಕು? ಹಾಳಾಗಲಿ, ಕೆಟ್ಟ ಮೇಲೆ ತಾನೇ ಕಲಿಯುತ್ತಾನೆ ಎಂದುಕೊಂಡ.

“ಕರಿಯ ಬಸವನ ಕೊರಳ ಗೆಜ್ಜಿ ಕಣದಾಗ ಕರೆದಾವೊ…”

ಮುದುಕನ ದನಿ ಸ್ಪಂಜಿನ ಗೋಡೆಯನ್ನೂ ಲೆಕ್ಕಿಸದೆ ತುಂಬಿಕೊಂಡಿತು. ಗುರುಪಾದ ಕೈಯೆತ್ತಿದ. “ಸಾಕ್ ಸಾಕ್ರಿ ಅಜ್ಜಾರ. ಈಗ ಎರಡನೇ ಪೆಟಿಗಿ.” ಮತ್ತೆ ಅದೇ ಸಾಲು, ಮತ್ತೆ ಕೈ. ಮೂರನೆಯದು. ಮತ್ತೆ ಮೊದಲನೆಯದು, ಗುಂಡಿ ಸ್ವಲ್ಪ ಬಲಕ್ಕೆ. ಮತ್ತೆ, ಸ್ವಲ್ಪ ಎಡಕ್ಕೆ. ಗುರುಪಾದ ಕಣ್ಣು ಮುಚ್ಚಿ, ಉಪ್ಪು-ಹುಳಿ ನೋಡುವ ಅಡಿಗೆಯವನಂತೆ ತುಟಿ ಚಪ್ಪರಿಸುತ್ತಿದ್ದ. “ಇದರಾಗ ಆಳ ಐತಿ. ಅದರಾಗ ಅಗಲ ಐತಿ,” ಎನ್ನುತ್ತಿದ್ದ. ಒಮ್ಮೆಯಂತೂ ಅನಲಾಗಿನ ಗುಂಡಿಯನ್ನು ಐದು ನಿಮಿಷ ತಿರುವಿ, “ಆಹಾ, ಈಗ ಬಂತು!” ಎಂದು ತೊಡೆ ತಟ್ಟಿದ. ಆ ಸಲ ಆ ಯಂತ್ರದ ವೈರೇ ಕಳಚಿಕೊಂಡಿತ್ತು. ಅದನ್ನು ಕಂಡೂ ಕಳಕೇಶ ಹೇಳಲಿಲ್ಲ. ಸಂಜೆ ಚಹಾದಂಗಡಿಯಲ್ಲಿ ಇದನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಿದರೆ ಮಂದಿ ಬಿದ್ದು ಬಿದ್ದು ನಗುತ್ತಾರೆ ಎಂದು ಒಳಗೊಳಗೇ ಹೊಂದಿಸಿಕೊಳ್ಳುತ್ತಿದ್ದ. ಅವನಿಗೆ ಆ ಹೊತ್ತು ಬಹಳ ಖುಷಿಯಾಗಿತ್ತು.

ನಡುವೆ ಅಜ್ಜಪ್ಪ ಒಮ್ಮೆ ಕೇಳಿದ, “ಪೂರಾ ಹಾಡ್ಲೇನೋ ತಮ್ಮಾ?”

“ಈಗ ಬ್ಯಾಡ ಕಾಕಾ. ಅವ್ರು ಹೇಳ್ತಾರ,” ಎಂದ ಕಳಕೇಶ.

ನಲವತ್ತು ಸಲ ಆಯಿತು. ಕೊನೆಗೆ ಗುರುಪಾದ ಟೇಪಿನ ಪೆಟ್ಟಿಗೆಯ ಮೇಲೆ ಕೈಯಿಟ್ಟ. “ಇದ ಫೈನಲ್. ಅಜ್ಜಾರ, ಈಗ ಪೂರಾ ಹಾಡ್ರಿ, ನೋಡೂಣು.”

ಅಜ್ಜಪ್ಪ ನೀರು ಕುಡಿದು ಮೊದಲ ಸಾಲು ಹಾಡಿದ. ದನಿ ಆಗಲೇ ಒಡೆದಿತ್ತು. ಹಾಡಿ ನಿಲ್ಲಿಸಿದ. ಹಂತಿ ಪದದ ರೀತಿಯೇ ಹಾಗೆ. ಮುಂದಿನವನು ಒಂದು ಸಾಲು ಅನ್ನುತ್ತಾನೆ, ಹಿಂದಿನವರು ಅದನ್ನು ಎತ್ತಿಕೊಂಡು ತಿರುಗಿ ಅನ್ನುತ್ತಾರೆ. ಅವರು ಅಂದ ಮೇಲೆಯೇ ಅವನ ಬಾಯಿಗೆ ಮುಂದಿನ ಸಾಲು ಬರುವುದು. ಅರವತ್ತು ವರ್ಷ ಅಜ್ಜಪ್ಪ ಹಾಡಿದ್ದು ಹಾಗೆ. ಈಗ ಅವನ ಕಿವಿಯಲ್ಲಿ ಪೆಟ್ಟಿಗೆ ಅವನದೇ ಸಾಲಿನ ಬಾಲವನ್ನು ಎಳೆಯಿತು: ಕರೆದಾವೊ… ರೆದಾವೊ… ದಾವೊ.

ಮುದುಕ ಗಾಬರಿಯಾಗಿ ಸುತ್ತ ನೋಡಿದ. “ಇದು ನಂದ ದನಿ ಐತಿ. ನನಗ ನಾನ ಹ್ಯಾಂಗ ಎತ್ತಿ ಕೊಡ್ಲಿ?”

“ಅದಕ್ಕ ಡಿಲೇ ಅಂತಾರ್ರಿ ಅಜ್ಜಾರ. ಮುಂದ ಹಾಡ್ರಿ,” ಎಂದ ಗುರುಪಾದ.

ಮುದುಕ ಕಳಕೇಶನ ಕಡೆ ನೋಡಿದ. ಏನು ಬೇಕೆಂದು ಕಳಕೇಶನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಹೇಮಪ್ಪ ಬದುಕಿರುವ ತನಕ ಅಜ್ಜಪ್ಪನ ಹಿಂದೆ ನಿಂತು ಎತ್ತಿಕೊಡುತ್ತಿದ್ದ. ಸಣ್ಣವನಿದ್ದಾಗ ಕಳಕೇಶನೂ ಅಪ್ಪನ ಮಗ್ಗುಲಲ್ಲಿ ನಿಂತು ಅಂದವನೇ. ಹುಬ್ಬಳ್ಳಿಯಲ್ಲಿ ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಈಗ ಈ ಗೊಬ್ಬರದಂಗಡಿಯ ಹುಡುಗನೆದುರು ಬಾಯಿ ತೆರೆದು ಹಳ್ಳಿ ಗಮಾರನಂತೆ ಕೂಗಬೇಕೆ? ಅವನು ತಲೆ ತಗ್ಗಿಸಿ, ಸರಿಯಾಗಿಯೇ ಇದ್ದ ಒಂದು ವೈರನ್ನು ಸರಿಮಾಡಿದ.

ಅಜ್ಜಪ್ಪ ಮತ್ತೊಮ್ಮೆ ಮೊದಲ ಸಾಲಿಗೆ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಕೆಮ್ಮಿದ. ಕೈಯಲ್ಲಿ ರಕ್ತದ ಎಳೆ ಕಂಡು ಧೋತರದ ಚುಂಗಿಗೆ ಒರೆಸಿಕೊಂಡ.

“ಆತು ಬಿಡ್ರಿ, ಇನ್ನೊಂದ್ ದಿನ ಬರ್ರಿ,” ಎಂದು ಗುರುಪಾದ ಫೋನು ತೆಗೆದ.

ಕಳಕೇಶ ಮುದುಕನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಗುರುಪಾದನನ್ನು ಬೈದ. ಕಿವಿಯಿಲ್ಲದವನು, ರೊಕ್ಕದ ಸೊಕ್ಕಿನವನು, ವೈರಿಲ್ಲದ ಪೆಟ್ಟಿಗೆಗೆ ತೊಡೆ ತಟ್ಟಿದವನು. ಹೇಳಬೇಕೆಂದು ಹೊಂದಿಸಿಕೊಂಡಿದ್ದನ್ನೆಲ್ಲ ಹೇಳಿದ. ಅಜ್ಜಪ್ಪ ನಗಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, ಪಿಸುದನಿಯಲ್ಲಿ ಕೇಳಿದ:

“ಅವಂಗ ಗೊತ್ತಿಲ್ಲೋ ತಮ್ಮಾ. ನೀ ಹೇಮಪ್ಪನ ಮಗ. ನಿನಗ ಗೊತ್ತಿತ್ತಲ್ಲ. ನೀ ಯಾಕ ಸುಮ್ಮ ಕುಂತಿ?”

ಬಸ್ಸು ಹೋಯಿತು. ಕಳಕೇಶ ಚಹಾದಂಗಡಿಯ ಕಡೆ ಹೋಗದೆ ಮಹಡಿ ಹತ್ತಿದ. ಗುರುಪಾದ ಕೆಳಗೆ ಯಾರೊಡನೆಯೋ ಮಾತಾಡುತ್ತಿದ್ದ. ಕಳಕೇಶ ಪೆಟ್ಟಿಗೆಗಳ ವೈರುಗಳನ್ನೆಲ್ಲ ಕಿತ್ತ. ಬೆಳಿಗ್ಗೆಯಿಂದ ಬರಿಯ ದನಿಯನ್ನೂ ಬೇರೆಯಾಗಿ ಹಿಡಿದಿಟ್ಟಿದ್ದ. ಎಲ್ಲಕ್ಕಿಂತ ಮೊದಲು ಹಾಡಿದ್ದನ್ನು ಹಚ್ಚಿದ.

“ಕರಿಯ ಬಸವನ ಕೊರಳ ಗೆಜ್ಜಿ ಕಣದಾಗ ಕರೆದಾವೊ…”

ಆಮೇಲೆ ಮೌನ. ಆ ಮೌನದಲ್ಲಿ ಮುದುಕ ಉಸಿರು ಹಿಡಿದು ಕಾಯುತ್ತಿದ್ದುದು ಕೇಳುತ್ತಿತ್ತು. ಕಳಕೇಶ ಬಾಯಿ ತೆರೆದು ಎತ್ತಿಕೊಂಡ. ಅಪ್ಪ ಅನ್ನುತ್ತಿದ್ದ ಹಾಗೆಯೇ, ಕೊನೆಯ ಅಕ್ಷರವನ್ನು ಎಳೆದು, ತಲೆಯ ನರ ಉಬ್ಬುವಷ್ಟು ಗಟ್ಟಿಯಾಗಿ ಅಂದ. ಅಂದು ಮುಂದಿನ ಸಾಲಿಗೆ ಕಾದ. ಬಂದದ್ದು ಗುರುಪಾದನ “ಸಾಕ್ ಸಾಕ್ರಿ”.

ಎರಡನೆಯದನ್ನು ಹಚ್ಚಿದ, ಎತ್ತಿಕೊಂಡ, ಕಾದ. ಹತ್ತನೆಯದು. ಇಪ್ಪತ್ತನೆಯದು. ಮುಂದಿನ ಸಾಲು ಏನೆಂದು ತಾನೇ ನೆನಪು ಮಾಡಿಕೊಳ್ಳಲು ಹೋದ. ಬರಲಿಲ್ಲ. ಹಿಂದೆ ನಿಂತವರು ಅದನ್ನು ಎಂದೂ ನೆನಪಿಡಬೇಕಾಗಿರಲಿಲ್ಲ. ಅಜ್ಜಪ್ಪ ಅಂದರೆ ಅವರು ಅನ್ನುತ್ತಿದ್ದರು, ಅಷ್ಟೆ. ಕಳಕೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಾಗಿಲು ಧಡ್ಡೆಂದು ತೆರೆಯಿತು. ಗುರುಪಾದನ ಕಣ್ಣುಗಳು ಅರಳಿದ್ದವು. “ಇದ ನೋಡು! ಇದ ಬೇಕಾಗಿತ್ತು ನನಗ! ಮೆಟ್ಟಲದಾಗ ನಿಂತು ಕೇಳಿದೆ, ಮೈ ಝುಂ ಅಂತು. ಇದು ಯಾವ ಪೆಟಿಗಿ?”

“ಯಾವುದೂ ಅಲ್ರಿ,” ಎಂದ ಕಳಕೇಶ. “ನಾನ್ರಿ.”

ಗುರುಪಾದ ಮೇಜಿನ ಮೇಲೆ ಬಿದ್ದಿದ್ದ ವೈರುಗಳನ್ನು ನೋಡಿದ, ಅವನ ಮುಖ ನೋಡಿದ. ನಗಲಿಲ್ಲ. ಕುರ್ಚಿ ಎಳೆದು ಅವನ ಪಕ್ಕದಲ್ಲಿ ಕೂತ.

“ಭಾಳ ಚಲೋ ಐತೋ ಮಾರಾಯಾ. ಮುಂದಿನ ಸಾಲು ಹಚ್ಚು, ಕೇಳೂಣು.”