ಅಳಿಯ ಹಾಕಿಕೊಟ್ಟ ಲಿನಕ್ಸ್

ಬೇರೆ ಯಾರಾದರೂ ನನ್ನ ಕಂಪ್ಯೂಟರಿಗೆ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಮಾಡಿದವನು ಅಳಿಯನಾಗುವವನು. ನಿಶ್ಚಿತಾರ್ಥದ ವೀಳ್ಯಶಾಸ್ತ್ರ ಮುಗಿದಿತ್ತು, ಮದುವೆಯ ದಿನ ಗೊತ್ತಾಗಿತ್ತು. ಅಂಥ ಹುಡುಗನನ್ನು ಬೈಯುವ ಕ್ರಮ ನಮ್ಮಲ್ಲಿಲ್ಲ. ಅವನು ಮನೆಗೆ ಬಂದರೆ ನಾವು ಕುರ್ಚಿ ಬಿಟ್ಟು ಏಳಬೇಕು, ಬಡಿಸಿದ್ದು ಸಾಕಾಯಿತೇ ಎಂದು ಮತ್ತೆ ಮತ್ತೆ ಕೇಳಬೇಕು, ಅವನು ಏನೇ ತಂದರೂ ಚಂದ ಉಂಟು ಎನ್ನಬೇಕು. ರೂಪೇಶ ತಂದದ್ದು ಲಿನಕ್ಸ್. ನಾನು ಚಂದ ಉಂಟು ಎಂದೆ.

ನಾನು ಕುಶಾಲಪ್ಪ. ಸುಳ್ಯ ಪೇಟೆಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಸುತ್ತಿನ ಊರುಗಳಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಉತ್ತರಕ್ರಿಯೆಯಾಗಲಿ, ಕಾಗದ ಮಾಡಿಸಲು ನನ್ನಲ್ಲಿಗೇ ಬರುತ್ತಾರೆ. ಕಾಗದ ಎಂದರೆ ನಮ್ಮ ಕಡೆ ಆಮಂತ್ರಣ ಪತ್ರಿಕೆ. ಮಗಳು ದೀಪ್ತಿ ಹುಟ್ಟಿದಾಗಲೇ ಹೆಂಡತಿ ಶೀಲಾವತಿಗೆ ಹೇಳಿದ್ದೆ, ಇವಳ ಮದುವೆ ಕಾಗದದ ಒಂದೊಂದು ಅಕ್ಷರವನ್ನೂ ನಾನೇ ಜೋಡಿಸುವುದು, ಬೇರೆ ಯಾರೂ ಮುಟ್ಟಬಾರದು ಎಂದು. ‘ಮೊದಲು ಅವಳಿಗೆ ಒಂದು ಅಂಗಿ ತನ್ನಿ’ ಎಂದಿದ್ದಳು ಶೀಲಾವತಿ. ಮನೆಯೊಳಗೆ ನಾವು ಮಾತಾಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಪೇಟೆಯ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಆದದ್ದು ಇಷ್ಟು. ಯಾವನೋ ಗಿರಾಕಿ ಪೆನ್‌ಡ್ರೈವಿನಲ್ಲಿ ವೈರಸ್ ತಂದು ನನ್ನ ಕಂಪ್ಯೂಟರಿಗೆ ದಾನ ಮಾಡಿ ಹೋದ. ಅದು ಮೊದಲೇ ಮುದಿಯಾಗಿತ್ತು, ಈಗ ಹಾಸಿಗೆ ಹಿಡಿಯಿತು. ಆ ಭಾನುವಾರ ರೂಪೇಶ ಊಟಕ್ಕೆ ಬಂದಿದ್ದ. ಅವನು ಕಾಣಿಯೂರಿನವನು, ಕಡಬದ ಕಡೆ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮಾಸ್ಟ್ರು. ಕೋಳಿಸಾರು ಉಂಡು ಕೈ ತೊಳೆಯುತ್ತಿದ್ದಂತೆ ಅವನಿಗೆ ಮಾವನ ಮೇಲೆ ಪ್ರೀತಿ ಉಕ್ಕಿತು.

‘ಮಾವ, ಈಗ ಇರುವ ಸಿಸ್ಟಮ್ ತೆಗೆದು ಇದಕ್ಕೆ ಲಿನಕ್ಸ್ ಹಾಕುವ. ವೈರಸ್ಸಿನ ಕಾಟ ಇಲ್ಲ. ಯಾರ ಹಂಗೂ ಇಲ್ಲ. ಎಲ್ಲರೂ ಸೇರಿ ಮಾಡಿದ್ದು, ಎಲ್ಲರಿಗೂ ಸೇರಿದ್ದು. ಹಳೆ ಕಂಪ್ಯೂಟರ್ ಸಹ ಓಡ್ತದೆ. ನಾನು ಹಾಕುದು ಉಬುಂಟು.’

‘ಲಿನಕ್ಸಾ, ಉಬುಂಟಾ?’ ಎಂದೆ.

‘ಎರಡೂ ಒಂದೇ ಅಂತ ಇಟ್ಕೊಳ್ಳಿ ಮಾವ.’

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಹೇಳಿದವನೂ ಅಳಿಯನೇ, ಏನು ಮಾಡುವುದು? ಸಂಜೆಯೊಳಗೆ ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ಹಾಕಿ, ನನ್ನ ಫೈಲುಗಳನ್ನು ಜೋಪಾನವಾಗಿ ಒಂದು ಕಡೆ ಇಟ್ಟು, ಚಹಾ ಕುಡಿದು ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಅಂಗಡಿ ತೆರೆದು, ಊದುಬತ್ತಿ ಹಚ್ಚಿ ಕೂತೆ. ಹೆಸರಿನಲ್ಲಿ ಉಂಟು ಉಂಟು ಎನ್ನುತ್ತದೆ, ಒಳಗೆ ಮಾತ್ರ ನನಗೆ ಬೇಕಾದದ್ದು ಒಂದೂ ಇಲ್ಲ. ಕನ್ನಡ ಹೊಡೆಯುವ ನುಡಿ ಇಲ್ಲ, ಪುಟ ಜೋಡಿಸುವ ಪೇಜ್‌ಮೇಕರ್ ಇಲ್ಲ. ದಿನಾ ಬೆಳಿಗ್ಗೆ ನನ್ನನ್ನು ನೋಡಿ ನಗುತ್ತಿದ್ದ ಆ ಹಸುರು ಗುಡ್ಡದ ಚಿತ್ರ ಇಲ್ಲ, ಕಂಪ್ಯೂಟರ್ ಏಳುವಾಗ ಬರುತ್ತಿದ್ದ ಆ ಸಣ್ಣ ಸಂಗೀತವೂ ಇಲ್ಲ. ಹಳೆ ಕಾಗದವೊಂದನ್ನು ತೆರೆದರೆ ಕನ್ನಡದ ಬದಲು ತಲೆಗೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಹೊಸದಾಗಿ ಹೊಡೆಯೋಣವೆಂದು ‘ಮದುವೆ’ ಎಂದು ಹೊಡೆದರೆ ‘ಸ್ಹನಾ’ ಎಂದು ಮೂಡಿತು. ನಾನು ‘ಮ’ ಎಂದಲ್ಲಿ ಅದು ‘ಸ’ ಎನ್ನುತ್ತದೆ. ಕಣ್ಣು ಮುಚ್ಚಿ ಹೊಡೆಯುತ್ತಿದ್ದ ಬೆರಳುಗಳು ಬೇರೆಯವರ ಅಡುಗೆಮನೆಯಲ್ಲಿ ಉಪ್ಪು ಹುಡುಕುವ ಹಾಗೆ ತಡಕಾಡಿದವು.

ಅದಾದ ಮೇಲೆ ಪಾಸ್‌ವರ್ಡಿನ ಕಥೆ. ನುಡಿ ಹಾಕಲು ಆಗುತ್ತದೋ ಎಂದು ಮೊಬೈಲಿನಲ್ಲಿ ಹುಡುಕಿ, ಅದರಲ್ಲಿ ಹೇಳಿದಂತೆ ಒಂದು ಕಪ್ಪು ಪರದೆ ತೆರೆದೆ. ಅದು ಪಾಸ್‌ವರ್ಡ್ ಕೇಳಿತು. ಹೊಡೆದೆ. ಒಂದು ಚುಕ್ಕಿಯೂ ಮೂಡಲಿಲ್ಲ. ಗಟ್ಟಿಯಾಗಿ ಹೊಡೆದೆ. ಇಲ್ಲ. ಕೀಬೋರ್ಡ್ ಸತ್ತಿದೆ ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸಾಮಾನು ಮಾರುವ ಮೊಯ್ದೀನನ ಅಂಗಡಿಗೆ ಹೋದೆ. ಅವನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, ‘ಇದಕ್ಕೆ ಎಂತದೂ ಆಗ್ಲಿಲ್ಲ ಕುಶಾಲಣ್ಣ, ಗಟ್ಟಿ ಉಂಟು’ ಎಂದ. ನಾನು ನಂಬಲಿಲ್ಲ. ಹೊಸದೇ ಬೇಕೆಂದು ಹಟ ಮಾಡಿ ತಂದೆ. ಅದರಲ್ಲೂ ಚುಕ್ಕಿ ಮೂಡಲಿಲ್ಲ. ಲಿನಕ್ಸಿನವರು ಪಾಸ್‌ವರ್ಡನ್ನು ಹೊಡೆದವನಿಗೂ ತೋರಿಸುವುದಿಲ್ಲವಂತೆ.

ಸಂಜೆ ರೂಪೇಶನ ಫೋನ್. ‘ಹೇಗುಂಟು ಮಾವ?’

‘ಚಂದ ಉಂಟು,’ ಎಂದೆ.

‘ನಂಗೆ ಗೊತ್ತಿತ್ತು ಮಾವ! ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಮ್ಮ ಮಾವ ಸಹ ಲಿನಕ್ಸಿನಲ್ಲೇ ಕೆಲಸ ಮಾಡುದು ಅಂತ.’

ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಫೋನ್ ಇಟ್ಟ ಮೇಲೆ ಶೀಲಾವತಿಯ ಎದುರು ಲಿನಕ್ಸನ್ನು ಬಾಯಿಗೆ ಬಂದಂತೆ ಬೈದೆ. ಅವಳು ಸೌತೆ ಹೆಚ್ಚುತ್ತಾ, ‘ಕುಣಿಯಲಿಕ್ಕೆ ಬಾರದವ ನೆಲ ಡೊಂಕು ಹೇಳಿದ್ನಂತೆ’ ಎಂದಳು. ಆಮೇಲೆ ಸ್ವರ ಇಳಿಸಿ, ‘ಕಾಗದ ಸಂಕ್ರಮಣದೊಳಗೆ ಆಗ್ಬೇಕು, ನೆನಪುಂಟಲ್ಲ?’ ಎಂದಳು. ಸಂಕ್ರಮಣದ ದಿನ ಮೊದಲ ಕಾಗದವನ್ನು ಮನೆತನದ ಗತಿಸಿದ ಹಿರಿಯರಾದ ಗುರುಕಾರಣವರ ದೀಪದ ಎದುರು ಇಡಬೇಕು. ಎರಡನೆಯದು ಹುಡುಗಿಯ ಸೋದರಮಾವನಿಗೆ. ಆಮೇಲೆಯೇ ಊರಿಗೆ ಹಂಚುವುದು.

ಅಂಗಡಿಯಲ್ಲಿ ಆ ಪರದೆಯ ಎದುರು ಕೂತಷ್ಟೂ ನನಗೆ ಕೃಷ್ಣಮೋಹನ ಭಟ್ಟರ ನೆನಪು ಬರುತ್ತಿತ್ತು. ನಾನು ಮೀಸೆ ಮೂಡುವ ಮೊದಲೇ ಕೆಲಸ ಕಲಿತದ್ದು ಪುತ್ತೂರಿನಲ್ಲಿ ಅವರ ಮುದ್ರಣಾಲಯದಲ್ಲಿ. ಸೀಸದ ಅಚ್ಚುಮೊಳೆಗಳ ಕಾಲ. ಮರದ ಗೂಡುಗಳಲ್ಲಿ ಒಂದೊಂದು ಅಕ್ಷರ, ಒಂದೊಂದು ಒತ್ತು. ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಜೋಡಿಸಿದ್ದನ್ನು ಹುರಿಯಲ್ಲಿ ಬಿಗಿದು ಕಟ್ಟಿ ಟ್ರೆಡಲ್ ಮೆಷಿನ್ನಿಗೆ ಕೊಟ್ಟರೆ ಅದು ಕಟಕಟ ಎಂದು ಬಾಯಿ ತೆರೆದು ಮುಚ್ಚಿ ಕಾಗದ ಉಗುಳುತ್ತಿತ್ತು. ಮದುವೆಯ ಕಾಲದಲ್ಲಿ ‘ಶ್ರೀ’ಗೆ ಬರಗಾಲ. ನೆಲ್ಯಾಡಿಯ ಮದುವೆ ಅಚ್ಚಾಗಿ ಮೊಳೆ ಬಿಚ್ಚಿದ ಮೇಲೆಯೇ ಉಪ್ಪಿನಂಗಡಿಯ ಮದುವೆಗೆ ಶ್ರೀ ಸಿಗುತ್ತಿದ್ದದ್ದು. ಕಾಯುವವರು ಬೆಂಚಿನಲ್ಲಿ ಕೂತು ವೀಳ್ಯ ಹಾಕುತ್ತಿದ್ದರು, ಯಾರ ಮಗಳು ಯಾವ ಮನೆಗೆ ಎಂದು ಮಾತಾಡುತ್ತಿದ್ದರು. ಒಂದು ಕಾಗದ ಆಗುವಷ್ಟರಲ್ಲಿ ಇನ್ನೊಂದು ಸಂಬಂಧ ಕುದುರುತ್ತಿದ್ದದ್ದೂ ಉಂಟು. ಸೀಮೆಎಣ್ಣೆಯಲ್ಲಿ ಕೈ ತೊಳೆದರೂ ಉಗುರಿನ ಸಂದಿಯ ಮಸಿ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಶೀಲಾವತಿಯನ್ನು ನೋಡಲು ಹೋಗಿದ್ದೆ, ಅವಳು ನನ್ನ ಮುಖಕ್ಕಿಂತ ಹೆಚ್ಚು ಉಗುರು ನೋಡಿದಳು.

ಆಮೇಲೆ ಕಂಪ್ಯೂಟರ್ ಬಂತು. ಭಟ್ಟರು ಅದರ ಮುಂದೆ ಕೂತು, ‘ಅಕ್ಷರಕ್ಕೆ ತೂಕವೇ ಇಲ್ಲವಲ್ಲ ಮಾರಾಯ, ಕೈಗೆ ಹೇಗೆ ಗೊತ್ತಾಗ್ಬೇಕು ಹೊಡೆದದ್ದು?’ ಎನ್ನುತ್ತಿದ್ದರು. ನನಗೆ ಅದು ಬೇಗ ಒಗ್ಗಿತು, ಸುಳ್ಯಕ್ಕೆ ಬಂದು ಸ್ವಂತ ಅಂಗಡಿ ಇಟ್ಟೆ. ದೀಪ್ತಿ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದು ಕತ್ತರಿಸಿ ಬಿದ್ದ ಬಣ್ಣದ ಪಟ್ಟಿಗಳನ್ನು ಹೆಕ್ಕಿ ಮಾಲೆ ಮಾಡುತ್ತಿದ್ದಳು. ಈಗ ಆ ದಿನಗಳೆಲ್ಲ ಟೋಪಿ ಇಟ್ಟ ಅಕ್ಷರಗಳಾಗಿ ಫೈಲುಗಳಲ್ಲಿ ಬಿದ್ದಿವೆ. ಭಟ್ಟರ ಸಂಕಟ ಏನೆಂದು ನನಗೆ ಈಗ ಗೊತ್ತಾಯಿತು, ಹೇಳಲು ಅವರಿಲ್ಲ.

ಸಂಕ್ರಮಣ ಹತ್ತಿರ ಬಂದಾಗ ನನ್ನ ಧೈರ್ಯ ಕುಸಿಯಿತು. ದೀಪ್ತಿಗೂ ಹೇಳದೆ, ಕಾಗದದ ಮಜಕೂರು ಬರೆದ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಭಟ್ಟರ ಮುದ್ರಣಾಲಯವನ್ನು ಈಗ ಅವರ ಮಗ ವಿಷ್ಣುಪ್ರಸಾದ್ ನಡೆಸುತ್ತಾನೆ. ಎಲ್ಲ ಆಫ್‌ಸೆಟ್, ಬಣ್ಣ ಬಣ್ಣ. ಟ್ರೆಡಲ್ ಮೆಷಿನ್ ಜಗಲಿಯಲ್ಲಿ ನಿಂತಿತ್ತು, ಅದರ ಮೇಲೆ ಕ್ರೋಟನ್ ಗಿಡದ ಚಟ್ಟಿ. ನಾನು ಅದರ ಗಾಲಿಯನ್ನು ಮುಟ್ಟಿ ಒಳಗೆ ಹೋದೆ.

ವಿಷ್ಣುಪ್ರಸಾದ್ ಎದ್ದು ಬಂದು ಕೈ ಹಿಡಿದ. ‘ಬನ್ನಿ ಬನ್ನಿ ಕುಶಾಲಣ್ಣ. ದೀಪ್ತಿಗೆ ಮದುವೆಯಂತೆ, ಗೊತ್ತಾಯ್ತು. ಕಾಗದ ನೀವೇ ಮಾಡುದಲ್ವ? ನಂಗೊಂದು ತಪ್ಪದೆ ಕಳ್ಸಿ. ಅಪ್ಪ ಇದ್ದಿದ್ರೆ ಅದನ್ನು ಹಿಡ್ಕೊಂಡು ಪೇಟೆ ಇಡೀ ತೋರಿಸ್ತಿದ್ರು, ನಮ್ಮ ಹುಡುಗನ ಕೈಕೆಲಸ ನೋಡಿ ಅಂತ.’

ಜೇಬಿನ ಮೇಲೆ ಕೈ ಇಟ್ಟುಕೊಂಡೇ, ‘ಮತ್ತೆ? ನಾನೇ ಮಾಡುದು’ ಎಂದೆ. ಕೊಟ್ಟ ಕಾಫಿ ಕುಡಿದೆ. ಮಜಕೂರು ಜೇಬಿನಿಂದ ಹೊರಗೆ ಬರಲಿಲ್ಲ. ಊರಿಡೀ ಜನರ ಮಕ್ಕಳಿಗೆ ಕಾಗದ ಮಾಡಿಕೊಟ್ಟವನು ಸ್ವಂತ ಮಗಳಿಗೆ ಮಾಡಲಾಗದೆ ಕದ್ದು ಬಂದೆನಲ್ಲ ಎಂದು ಬಸ್ಸಿನಲ್ಲಿ ಜಾಲ್ಸೂರಿನವರೆಗೂ ನಾಚಿಕೆಯಾಯಿತು.

ಸುಳ್ಯದಲ್ಲಿ ಇಳಿದು ಅಂಗಡಿಗೆ ಬಂದರೆ ಬಾಗಿಲಲ್ಲಿ ರೂಪೇಶ ನಿಂತಿದ್ದಾನೆ, ಕೈಯಲ್ಲಿ ಸಿಹಿತಿಂಡಿಯ ಪೊಟ್ಟಣ.

‘ಮಾವ, ನಮ್ಮ ಕಡೆಯ ಕಾಗದ ಆಯ್ತು. ನಿಮ್ಮದು ನೋಡುವ ಅಂತ ಬಂದೆ. ಲಿನಕ್ಸಿನಲ್ಲಿ ಮಾಡಿದ್ದು ಅಂತ ಶಾಲೆಯವರಿಗೂ ತೋರಿಸ್ಬೇಕು.’

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಅಳಿಯನ ಎದುರು ಮರ್ಯಾದೆಗೆಂದು ಇಟ್ಟುಕೊಂಡಿದ್ದ ಪೇಟೆಯ ಕನ್ನಡ ಎಲ್ಲಿ ಹೋಯಿತೋ, ಬೈಗುಳ ಶುದ್ಧ ಅರೆಭಾಷೆಯಲ್ಲಿ ಹೊರಟಿತು. ನಿನ್ನ ಲಿನಕ್ಸಿಗೆ ಬೆಂಕಿ ಬೀಳಲಿ ಎಂದೆ. ಒಂದು ಮದುವೆ ಎಂದು ಹೊಡೆಯಲು ಗತಿಯಿಲ್ಲದ ಹಾಗೆ ಮಾಡಿದೆ ಎಂದೆ. ಕೀಬೋರ್ಡ್ ಸಾಯದಿದ್ದರೂ ಹೊಸದು ತಂದೆ ಎಂದೆ. ಕೊನೆಗೆ, ‘ನನ್ನ ಮಗಳ ಕಾಗದ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ, ನನ್ನ ಕೈಯನ್ನೇ ಕಡಿದು ಇಟ್ಟ ಹಾಗೆ ಆಗಿದೆ’ ಎಂದೆ. ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ರೂಪೇಶ ಪೊಟ್ಟಣವನ್ನು ಮೆಲ್ಲನೆ ಮೇಜಿನ ಮೇಲಿಟ್ಟ. ‘ಮೊದಲೇ ಹೇಳ್ಬಾರ್ದಾ ಮಾವ?’

‘ಅಳಿಯನಿಗೆ ಹೇಗೆ ಹೇಳುದು?’

‘ನಾನೂ ಹಾಗೇ. ನೀವು ಫೋನಲ್ಲಿ ಚಂದ ಉಂಟು ಹೇಳುವಾಗ ಸ್ವರ ಸರಿ ಇರ್ಲಿಲ್ಲ. ಮಾವನ ಹತ್ರ ಹೇಗೆ ಕೇಳುದು ಅಂತ ಸುಮ್ಮನಾದೆ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರ್ಯಾದೆ ಎಂಬುದು ಎಷ್ಟು ಕೆಲಸ ಕೆಡಿಸುತ್ತದೆ ನೋಡಿ.

ಅವನು ಸ್ಟೂಲು ಎಳೆದು ಕೂತ. ಎಲ್ಲೆಲ್ಲೋ ಒತ್ತಿದ. ನನ್ನ ಹಳೆಯ ಕೀಬೋರ್ಡಿನ ಕ್ರಮ ಅದರೊಳಗೇ ಇತ್ತಂತೆ, ಆರಿಸಿಕೊಂಡರೆ ಸಾಕಿತ್ತಂತೆ. ‘ನಿಮ್ಮ ಬೆರಳಿನ ಅಭ್ಯಾಸ ಯಾವುದು ಅಂತ ನಾನು ಕೇಳ್ಲೇ ಇಲ್ಲ ಮಾವ, ಅದು ನನ್ನ ತಪ್ಪು’ ಎಂದ. ದುಂಡಗಿನ ಅಕ್ಷರದ ಫಾಂಟೊಂದನ್ನು ಇಳಿಸಿದ. ಪುಟ ಜೋಡಿಸುವ ಹೊಸ ಪ್ರೋಗ್ರಾಮ್ ತೆರೆದು ಎಲ್ಲಿ ಏನಿದೆಯೆಂದು ತೋರಿಸಿದ. ಆಮೇಲೆ ಎದ್ದು ನನಗೆ ಜಾಗ ಬಿಟ್ಟ.

ಹೊಡೆದೆ. ‘ಮ’ ಎಂದರೆ ‘ಮ’ ಬಂತು. ಬೆರಳುಗಳು ತಾವಾಗಿ ಓಡಿದವು. ನನಗೆ ಆದ ಸಂತೋಷ ಹೇಳಲಾರೆ, ಕಳೆದ ಹಸು ಸಂಜೆಗೆ ಹಟ್ಟಿಗೆ ಬಂದ ಹಾಗೆ. ಭಟ್ಟರು ಕಲಿಸಿದ ಕ್ರಮ ನನ್ನದು: ಕಾಗದವನ್ನು ಕೆಳಗಿನಿಂದ ಜೋಡಿಸುವುದು. ವಧೂವರರ ಹೆಸರಿನ ದೊಡ್ಡ ಮೊಳೆಗಳು ಕೆಲವೇ ಇದ್ದ ಕಾರಣ ಅವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯುತ್ತಿದ್ದರು. ಹಾಗೆ ಮೊದಲು ಮುಹೂರ್ತ, ಸಭಾಭವನ, ದಾರಿಯ ವಿವರ ಹಾಕಿದೆ. ಸುಖಾಗಮನ ಬಯಸುವವರನ್ನು ಹಾಕಿದೆ. ಕಾಣಿಯೂರಿನ ಬೀಗರ ಹೆಸರು, ರೂಪೇಶನ ಹೆಸರು. ಹಿಂದೆ ನಿಂತು ನೋಡುತ್ತಿದ್ದ ಅವನು ತನ್ನ ಹೆಸರು ಕಂಡು ನಾಚಿ ನಕ್ಕ.

‘ನಮ್ಮ ಪುತ್ರಿ ಚಿ। ಸೌ।’ ಎಂದು ಹೊಡೆದೆ. ಅಲ್ಲಿ ಕೈ ನಿಂತಿತು.

ಈ ಸಾಲನ್ನು ಎಷ್ಟು ಮನೆಯ ಹೆಣ್ಣುಮಕ್ಕಳಿಗೆ ಹೊಡೆದಿದ್ದೇನೋ ಲೆಕ್ಕವಿಲ್ಲ. ಹೊಡೆಯುವಾಗ ಮಧ್ಯಾಹ್ನದ ಊಟದ ಯೋಚನೆ ಮಾಡುತ್ತಿದ್ದೆ, ಕರೆಂಟಿನ ಯೋಚನೆ ಮಾಡುತ್ತಿದ್ದೆ. ಆ ಅಪ್ಪಂದಿರು ಮೇಜಿನ ಆಚೆ ನಿಂತು ಪರದೆಯನ್ನೇ ನೋಡುತ್ತಾ ಯಾಕೆ ಸುಮ್ಮನಿರುತ್ತಿದ್ದರೆಂದು ಒಮ್ಮೆಯೂ ಕೇಳಿದವನಲ್ಲ. ಈ ಹೆಸರು ಹೊಡೆದರೆ ಕಾಗದ ಮುಗಿಯಿತು. ಕಾಗದ ಮುಗಿದರೆ ಅವಳು ಹೋದಳು. ಕೀಬೋರ್ಡ್ ನನ್ನದೇ, ಕ್ರಮ ನನ್ನದೇ, ಬೈಯಲು ಯಾರೂ ಉಳಿದಿರಲಿಲ್ಲ. ಕಣ್ಣು ಮಂಜಾಯಿತು, ಕನ್ನಡಕ ತೆಗೆದರೆ ಹುಡುಗನಿಗೆ ಗೊತ್ತಾಗುತ್ತದೆಂದು ಹಾಗೇ ಕೂತೆ.

‘ಎಂತಾಯ್ತು ಮಾವ?’

‘ಹ್ಯಾಂಗ್ ಆಯ್ತು ಮಾರಾಯ,’ ಎಂದೆ, ತಿರುಗಿ ನೋಡದೆ.

ಅವನು ಬಗ್ಗಿ ಪರದೆ ನೋಡಿದ. ಅರ್ಧ ಸಾಲಿನ ತುದಿಯಲ್ಲಿ ಕರ್ಸರ್ ಎಂದಿನಂತೆ ಮಿನುಗುತ್ತಿತ್ತು. ಲಿನಕ್ಸನ್ನು ಒಂದು ಮಾತು ಅಂದರೆ ಸಾಕು, ಪಾಠ ಶುರು ಮಾಡುವ ಹುಡುಗ. ನಾನು ಪಾಠಕ್ಕೆ ಕಾದೆ.

‘ಹೌದು ಮಾವ, ಇದು ಒಮ್ಮೊಮ್ಮೆ ಹಾಗೆ ಆಗುದುಂಟು,’ ಎಂದ. ‘ಸ್ವಲ್ಪ ಹೊತ್ತು ಮುಟ್ಟುದು ಬೇಡ. ನಾನು ಹೋಗಿ ಚಾ ತರ್ತೇನೆ.’

ಹೋಗುವಾಗ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಹೋದ.