ಗ್ರಾನೈಟಿನ ಮೇಲೆ ಕಿಚ್ಚು

ಸಂಕ್ರಾಂತಿಯ ಬೆಳಿಗ್ಗೆ ನನ್ನ ಗಂಡ ಶ್ಯಾಮಣ್ಣ ಕುಕ್ಕರುಗಾಲಲ್ಲಿ ಕೂತು ಸುಬ್ಬಿಯ ಗೊರಸಿಗೆ ಹರಳೆಣ್ಣೆ ತಿಕ್ಕುತ್ತಿದ್ದುದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಸುಬ್ಬಿ ನಮ್ಮ ಹಸು. ಸುಬ್ಬರಾಯನ ಷಷ್ಠಿಯ ದಿನ ಹುಟ್ಟಿದ್ದಕ್ಕೆ ಆ ಹೆಸರು. ಕಪ್ಪು ಬಿಳುಪಿನ ಸೀಮೆ ಹಸು, ತುಂಬು ಗಬ್ಬ. ಕೆಚ್ಚಲು ಬಿಗಿದುಕೊಂಡು, ಬಾಲದ ಬುಡ ಸಡಿಲವಾಗಿ, ಇವತ್ತೋ ನಾಳೆಯೋ ಎನ್ನುವ ಹಾಗೆ ನಿಂತಿತ್ತು.

"ಏನಯ್ಯಾ, ಮದುವೆ ಹೆಣ್ಣಾ ಅದು? ಎದ್ದೇಳು, ಹುಲ್ಲು ತರೋ ಹೊತ್ತಾಯ್ತು" ಎಂದೆ.

"ಸುಮ್ಕಿರಮ್ಮಿ. ನಮ್ಮಪ್ಪ ಇಂಗೇ ಅಚ್ತಿದ್ದ. ಅಷ್ಟು ಜನದ ಮುಂದೆ ಓಗೋದು, ವಸಿ ಫಳಫಳ ಅನ್ಬೇಕು."

ಅಷ್ಟು ಜನ ಎಂದರೆ ಅಪಾರ್ಟ್‌ಮೆಂಟಿನವರು. ಕಾಡುಗೋಡಿಯಲ್ಲಿ ನಮ್ಮ ಕೊಟ್ಟಿಗೆಯ ಬೆನ್ನಿಗೇ ಎದ್ದು ನಿಂತಿದೆ ಆ ಕಟ್ಟಡ. ಅದರ ಇಂಗ್ಲಿಷ್ ಹೆಸರು ನನ್ನ ಬಾಯಿಗೆ ಹೊರಳುವುದಿಲ್ಲ, ಹೊರಳಿಸುವ ದರ್ದೂ ನನಗಿಲ್ಲ. ನಾವು ದೊಡ್ಡ ಬಿಲ್ಡಿಂಗ್ ಎನ್ನುತ್ತೇವೆ. ಅವರ ಬಾಲ್ಕನಿಗೆ ನಮ್ಮ ಸಗಣಿಯ ವಾಸನೆ ಬರುತ್ತದಂತೆ. ಬೆಳಗಾದರೆ ಕಾಫಿಗೆ ಇದೇ ಕೊಟ್ಟಿಗೆಯ ಹಾಲು ಬೇಕು, ವಾಸನೆ ಮಾತ್ರ ಬೇಡ. ಹಸು ಸಗಣಿ ಹಾಕದೆ ಊದುಬತ್ತಿ ಹಾಕುತ್ತದೆಯೇ? ಕಾರ್ಪೊರೇಷನ್ನಿಗೆ ದೂರು ಹೋಗಿ, ಒಬ್ಬ ಬಂದು ಕೊಟ್ಟಿಗೆಯ ಮುಂದೆ ಮೂಗು ಮುಚ್ಚಿಕೊಂಡು ನಿಂತು, ಇನ್ನೊಂದು ದೂರು ಬಂದರೆ ಎತ್ತಿಸಿಬಿಡುತ್ತೇವೆ ಎಂದು ಗದರಿಸಿ ಹೋಗಿದ್ದ.

ಆ ಕೊಟ್ಟಿಗೆಯಾದರೂ ಎಷ್ಟಿತ್ತು? ಹಿಂದಿನ ಮಳೆಗಾಲದಲ್ಲಿ ಕಾಲುಬಾಯಿ ಜ್ವರ ಬಂದು ಮೂರು ಹಸು ಕಣ್ಣೆದುರೇ ಜೊಲ್ಲು ಸುರಿಸುತ್ತಾ ಸತ್ತವು. ಉಳಿದಿದ್ದು ಎರಡು. ಒಂದು ಮುದಿಯದು, ಹೊತ್ತಿಗೊಂದು ಚೊಂಬು ಹಾಲು ಕೊಟ್ಟು ನಿಟ್ಟುಸಿರು ಬಿಡುತ್ತಿತ್ತು. ಇನ್ನೊಂದು ಸುಬ್ಬಿ. ಬೇಸಿಗೆಯಲ್ಲಿ ಹುಲ್ಲಿಲ್ಲ, ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ. ಚಳಿಗಾಲದಲ್ಲಿ ಇಬ್ಬನಿ ಆರುವ ತನಕ ಕೆರೆಯಂಗಳದ ಹುಲ್ಲು ಕೊಯ್ಯುವಂತಿಲ್ಲ, ಕೊಯ್ದರೂ ಅದಕ್ಕೆ ಫ್ಯಾಕ್ಟರಿ ನೀರಿನ ನಾತ. ಇಷ್ಟೆಲ್ಲ ಯಾಕೆ ಒದ್ದಾಡುತ್ತೀರಿ ಎಂದು ನನ್ನ ಮಗ ಅಂಬರೀಶ ದಿನಾ ತಲೆ ತಿನ್ನುತ್ತಿದ್ದ. ಕಂಪನಿಗಳ ಪಿಕಪ್ಪು ಡ್ರಾಪಿಗೆ ಗಾಡಿ ಓಡಿಸುತ್ತಾನೆ. ಕೊಟ್ಟಿಗೆ ಕೆಡವಿ ಶೀಟಿನ ರೂಮು ಹಾಕಿ, ಗಾರೆ ಕೆಲಸದವರಿಗೆ ಬಾಡಿಗೆಗೆ ಬಿಡೋಣ ಎನ್ನುವುದು ಅವನ ಜಪ.

"ಸುಬ್ಬಿ ಕರು ಹಾಕ್ಲಿ, ಆಮೇಲೆ ಮಾತಾಡು" ಎಂದು ನಾನು ಅವನ ಬಾಯಿ ಮುಚ್ಚಿಸಿದ್ದೆ. ಕರು ಹಾಕಿದರೆ ಮನೆ ತುಂಬ ಹಾಲು, ಕೊಟ್ಟಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲ. ಇಷ್ಟು ನನಗೂ ಗೊತ್ತಿತ್ತು, ಶ್ಯಾಮಣ್ಣನಿಗೂ ಗೊತ್ತಿತ್ತು. ಮಗನ ಎದುರು ನಾವಿಬ್ಬರೂ ಒಂದೇ ಕಡೆ.

ಇಂಥ ಹೊತ್ತಿನಲ್ಲಿ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಬಂದ ಸಿದ್ಧಾರ್ಥ್. ದೊಡ್ಡ ಬಿಲ್ಡಿಂಗಿನ ಸಂಘದ ಸೆಕ್ರೆಟರಿ. ಮಾತು ಬಲು ನಯ.

"ಅಂಕಲ್, ಸಂಕ್ರಾಂತಿ ಫಂಕ್ಷನ್‌ಗೆ ನಿಮ್ಮ ಹಸು ತನ್ನಿ. ಕಿಚ್ಚು ಹಾಯ್ಸೋದು ನಮ್ಮ ಮಕ್ಕಳು ನೋಡೇ ಇಲ್ಲ. ಎಲ್ಲರಿಗೂ ನಿಮ್ಮ ಪರಿಚಯ ಆಗುತ್ತೆ. ಹಸು ಮುಟ್ಟಿ ನೋಡಿದ್ರೆ ಆಮೇಲೆ ಯಾರು ಕಂಪ್ಲೇಂಟ್ ಮಾಡ್ತಾರೆ ಹೇಳಿ? ನಾನ್ ಹ್ಯಾಂಡಲ್ ಮಾಡ್ತೀನಿ."

ಶ್ಯಾಮಣ್ಣನ ಮುಖ ಅರಳಿಬಿಟ್ಟಿತು. ನನಗೆ ಮಾತ್ರ ಒಳಗೇ ಏನೋ ಕೊರೆಯಿತು.

ಕಿಚ್ಚು ಎಂದರೆ ನಮ್ಮ ಕಡೆ ಆಟವಲ್ಲ. ಸಂಕ್ರಾಂತಿಯ ಸಂಜೆ ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಮೈ ತೊಳೆದು ಬಣ್ಣ ಬಳಿದ ದನಗಳನ್ನು ಅದರ ಮೇಲೆ ಓಡಿಸುತ್ತೇವೆ. ಮೈಗೆ ಹತ್ತಿದ ಉಣ್ಣೆ ಹುಳ ಉದುರುತ್ತದೆ, ವರ್ಷವಿಡೀ ರೋಗ ತಟ್ಟುವುದಿಲ್ಲ ಎಂದು ನಂಬಿಕೆ. ಆ ಬಿಲ್ಡಿಂಗ್ ನಿಂತಿರುವ ಜಾಗದಲ್ಲೇ ನಮ್ಮೂರಿನ ಕಿಚ್ಚು ಹಾಯುತ್ತಿತ್ತು. ಆಗ ಅಲ್ಲಿ ಮಣ್ಣಿನ ಮೆತ್ತನೆ ನೆಲ. ಆದರೆ ಗಬ್ಬದ ಹಸುವನ್ನು ಯಾರೂ ಹಾರಿಸುವುದಿಲ್ಲ. ಪಕ್ಕದಲ್ಲಿ ನಡೆಸಿ, ಹೊಗೆ ತಾಗಿಸಿ, ತಂದು ಕಟ್ಟುತ್ತೇವೆ.

"ಮುದಿಯದನ್ನ ಕರ್ಕೊಂಡೋಗು" ಎಂದೆ.

"ಮೂಳೆ ಚಕ್ಕಳದ್ದನ್ನ ಯಾರು ನೋಡ್ತಾರಮ್ಮಿ? ಸುಬ್ಬಿನೇ ಬೇಕು ಅಂದವ್ರೆ. ಆರ್ಸಕಿಲ್ಲ, ಒಗೆ ತಾಗ್ಸಿ ತತ್ತೀನಿ. ನನಗೇನು ಅಷ್ಟೂ ಬುದ್ಧಿ ಇಲ್ವಾ?"

ಇದೆ ಎಂದುಕೊಂಡಿದ್ದೆ.

ಸಂಜೆ ಇಬ್ಬರೂ ಸುಬ್ಬಿಯನ್ನು ಹಿಡಿದುಕೊಂಡು ಹೋದೆವು. ಮೋಟು ಕೊಂಬಿಗೆ ನೀಲಿ ಬಣ್ಣ, ಕೊರಳಿಗೆ ಚೆಂಡುಹೂವು, ಬೆನ್ನಿಗೆ ಅರಿಶಿನ. ಗೇಟಿನೊಳಗೆ ಕಾಲಿಟ್ಟ ಕೂಡಲೇ ಸುಬ್ಬಿಯ ಕಾಲು ಒಮ್ಮೆ ಸರಕ್ಕೆಂದಿತು. ಕೆಳಗೆ ನೋಡಿದರೆ ಕನ್ನಡಿಯ ಹಾಗೆ ಗ್ರಾನೈಟು. ಅದನ್ನೂ ಆಗತಾನೇ ಸೋಪಿನ ನೀರು ಹಾಕಿ ತೊಳೆದಿದ್ದರು. ಒಂದು ಕಡೆ ರಂಗೋಲಿ, ಒಂದು ಕಡೆ ಸ್ಪೀಕರು, ನಡುವೆ ಹುಲ್ಲಿನ ಸಾಲು.

"ಸಾರ್, ಒಂದು ಗಾಡಿ ಮಣ್ಣಾದ್ರೂ ಅರಡಿಸಿ. ಇದರ ಮ್ಯಾಲೆ ಅಸ ನಿಲ್ಲಕಿಲ್ಲ" ಎಂದೆ ಸಿದ್ಧಾರ್ಥ್‌ಗೆ.

"ಆಂಟಿ, ಮಣ್ಣು ಹಾಕಿದ್ರೆ ಕ್ಲೀನಿಂಗ್ ಪ್ರಾಬ್ಲಂ. ಹೌಸ್‌ಕೀಪಿಂಗ್‌ನವ್ರು ನಿಮಗೋಸ್ಕರನೇ ತೊಳ್ದಿದಾರೆ. ಎಷ್ಟು ನೀಟಾಗಿದೆ ನೋಡಿ!"

ನೀಟಂತೆ! ನಾನು ಶ್ಯಾಮಣ್ಣನ ತೋಳು ಹಿಡಿದು ಜಗ್ಗಿದೆ. "ಬಾರಯ್ಯಾ, ಮನೆಗೋಗನ" ಎಂದೆ. ಅವನು ತೋಳು ಬಿಡಿಸಿಕೊಂಡ. ಯಾರೋ ಹೆಂಗಸರು ಬಂದು ಸುಬ್ಬಿಯ ಹಣೆಗೆ ಕುಂಕುಮ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಕಲ್ ಅಂಕಲ್ ಎಂದು ಅವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಇಷ್ಟು ವರ್ಷ ಹಾಲಿನ ಕ್ಯಾನು ಹೊತ್ತು ಹಿಂದಿನ ಲಿಫ್ಟಿನಲ್ಲಿ ಹತ್ತಿ ಇಳಿದವನು. ಅವತ್ತು ಅವನ ಎದೆ ಎರಡು ಗೇಣು ಉಬ್ಬಿತ್ತು.

ಹುಲ್ಲಿಗೆ ಬೆಂಕಿ ಹಚ್ಚಿದರು. ಶ್ಯಾಮಣ್ಣ ಮೊದಲು ಹೇಳಿದ ಹಾಗೆಯೇ ಸುಬ್ಬಿಯನ್ನು ಪಕ್ಕದಲ್ಲಿ ನಡೆಸಿ ಹೊಗೆ ತಾಗಿಸಿದ. ಅಷ್ಟಕ್ಕೇ ಮುಗಿಯಬೇಕಿತ್ತು. ಅಯ್ಯೋ ದೇವರೇ, ಅಷ್ಟಕ್ಕೇ ಮುಗಿಯಬೇಕಿತ್ತು.

"ಇಷ್ಟೇನಾ? ಜಂಪ್ ಮಾಡಲ್ವಾ?" ಎಂದು ಯಾರೋ ಕೇಳಿದರು. ಮಕ್ಕಳು ಚಪ್ಪಾಳೆ ತಟ್ಟುತ್ತಾ ಜಂಪ್, ಜಂಪ್ ಎಂದು ಶುರುಮಾಡಿದವು. ದೊಡ್ಡವರೂ ದನಿಗೂಡಿಸಿದರು. ಸಿದ್ಧಾರ್ಥ್ ಶ್ಯಾಮಣ್ಣನ ಹೆಗಲು ತಟ್ಟಿ, "ಅಂಕಲ್, ಒಂದೇ ಒಂದ್ಸಲ. ಎಲ್ಲಾ ವೇಯ್ಟ್ ಮಾಡ್ತಿದಾರೆ" ಎಂದ.

ಶ್ಯಾಮಣ್ಣ ನನ್ನ ಕಡೆ ನೋಡಿದ. ಬೇಡ ಎಂದು ಬಾಯಿ ಬಡಿದುಕೊಂಡೆ, ಸ್ಪೀಕರಿನ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ. ಅವನು ಸುಬ್ಬಿಯನ್ನು ತಿರುಗಿಸಿ, ಬೆಂಕಿಗೆ ಎದುರು ಹಿಡಿದು, ಹಗ್ಗ ಸಡಿಲ ಬಿಟ್ಟು "ಹೋಯ್" ಎಂದ.

ಕರುವಾಗಿನಿಂದ ಕಿಚ್ಚು ಹಾರಿ ಗೊತ್ತಿದ್ದ ಹಸು ಅದು. ದನಿ ಕೇಳಿದ್ದೇ ನುಗ್ಗಿತು. ಬೆಂಕಿ ದಾಟಿತು. ಆಚೆ ಮುಂಗಾಲು ಊರಿತು. ಎಣ್ಣೆ ಹಚ್ಚಿದ ಹಿಂಗಾಲುಗಳು ಒದ್ದೆ ಕಲ್ಲಿನ ಮೇಲೆ ಒಂದು ಆ ಕಡೆ, ಒಂದು ಈ ಕಡೆ ಜಾರಿ, ಅಷ್ಟು ದೊಡ್ಡ ಹೊಟ್ಟೆ ದೊಪ್ಪೆಂದು ಕಲ್ಲಿಗೆ ಬಡಿಯಿತು. ಸುಬ್ಬಿ ಒಮ್ಮೆ ಕೂಗಿತು. ಅಂಥ ಕೂಗನ್ನು ನಾನು ಹಸುವಿನ ಬಾಯಲ್ಲಿ ಕೇಳಿರಲಿಲ್ಲ.

ಎತ್ತಿದ ಫೋನುಗಳು ಎತ್ತಿದ ಹಾಗೇ ಇದ್ದವು. ಓಡಿ ಬಂದವನು ಗೇಟಿನ ಸೆಕ್ಯುರಿಟಿ ಸಂಗಣ್ಣ ಒಬ್ಬನೇ. ಯಾದಗಿರಿ ಕಡೆಯವನು, ದನ ಮೇಯಿಸಿ ಬೆಳೆದವನು. ಟೋಪಿ ಬಿಸಾಡಿ ಸುಬ್ಬಿಯ ಬಾಲದ ಬುಡಕ್ಕೆ ಕೈಕೊಟ್ಟು ಎತ್ತಲು ನೋಡಿದ. ಆಗಲಿಲ್ಲ. ಹೊಟ್ಟೆ ಸವರಿ ನೋಡಿ ತಲೆ ಎತ್ತಿದ.

"ಆಕಳ ಗಬ್ಬ ಐತಲ್ರೀ ಅಣ್ಣಾ! ಯಾಕ್ ಹಾರ್ಸಿದ್ರಿ?"

ಶ್ಯಾಮಣ್ಣ ಕೈಯಲ್ಲಿ ಹಗ್ಗ ಹಿಡಿದುಕೊಂಡು ನಿಂತೇ ಇದ್ದ.

ಸ್ವಲ್ಪ ಹೊತ್ತಿಗೆ ಕಾರುಗಳು ಹಾರ್ನ್ ಹೊಡೆಯಲು ಶುರುಮಾಡಿದವು. ದಾರಿಗೆ ಅಡ್ಡ ಬಿದ್ದಿದೆಯಲ್ಲ! ಕೊನೆಗೆ ಅಂಬರೀಶ ಒಂದು ಗೂಡ್ಸ್ ಟೆಂಪೊ ತಂದ. ಹಲಗೆ ಕೊಟ್ಟು, ಗೋಣಿಚೀಲದ ಜೋಲಿ ಕಟ್ಟಿ, ಸಂಗಣ್ಣನೂ ಇನ್ನಿಬ್ಬರು ಗಾರೆಯವರೂ ಸೇರಿ ಸುಬ್ಬಿಯನ್ನು ಎತ್ತಿ ಕೊಟ್ಟಿಗೆಗೆ ತಂದು ಮಲಗಿಸಿದರು. ನಾವು ಗೇಟು ದಾಟುವ ಮೊದಲೇ ಹಿಂದೆ ಪೈಪು ಹಿಡಿದು ಕಲ್ಲು ತೊಳೆಯುತ್ತಿದ್ದರು.

ಮರುದಿನ ಬೆಳಿಗ್ಗೆ ದನದ ಡಾಕ್ಟ್ರು ಪಂಚಾಕ್ಷರಿ ಬಂದರು. ಒಳಗೆ ಕೈ ಹಾಕಿ ನೋಡಿ ಹಗ್ಗ ಕೇಳಿದರು. ಎಳೆದು ತೆಗೆದಾಗ ಕರು ಸತ್ತಿತ್ತು. ಹೆಣ್ಣು ಕರು, ಹಣೆಯ ಮೇಲೆ ತಾಯಿಯ ಹಾಗೇ ಬಿಳಿ ಬೊಟ್ಟು. ಸುಬ್ಬಿ ಕತ್ತು ಚಾಚಿ ಅದನ್ನು ನೆಕ್ಕಲು ನೋಡಿತು. ನೆಕ್ಕಲಿ ಎಂದು ಮುಂದೆ ಇಟ್ಟೆ. ಎಷ್ಟು ನೆಕ್ಕಿದರೂ ಅದು ಏಳಲಿಲ್ಲ.

"ಇವಳು ಎದ್ದೇಳ್ತಾಳಾ ಸಾಮಿ?" ಎಂದು ಶ್ಯಾಮಣ್ಣ ಕೇಳಿದ.

"ತೊಡೆ ಸಂದು ಕಿತ್ಹೋಗಿದೆ ಶ್ಯಾಮಣ್ಣ. ಮಗ್ಗುಲು ತಿರುಗಿಸ್ತಾ ಇರಿ. ಹೆಚ್ಚು ದಿನ ನೋವು ತಿನ್ಸೋದು ಬೇಡ" ಎಂದು ಹೇಳಿ ಡಾಕ್ಟ್ರು ಕೈ ತೊಳೆದುಕೊಂಡರು.

ಅವರು ಹೋದ ಮೇಲೆ ನಾನು ಗಂಡನಿಗೆ ಮಾಡಿದ ಮಂಗಳಾರತಿ ಬೀದಿಗೆಲ್ಲ ಕೇಳಿಸಿತು. ನಾಲ್ಕು ಜನ ಅಂಕಲ್ ಅಂದಿದ್ದಕ್ಕೆ ಬಸುರಿಯನ್ನು ಬೆಂಕಿಗೆ ನೂಕಿದೆಯಲ್ಲ, ನಿನ್ನ ಮನೆ ಹಾಳಾಗ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನ ಮನೆಯೆಂದರೆ ನನ್ನದೂ ಎನ್ನುವುದು ನೆನಪಿರಲಿಲ್ಲ.

"ಕೊಟ್ಟಿಗೆ ಉಳೀಲಿ ಅಂತ ಮಾಡ್ದೆ ಕಣಮ್ಮಿ" ಎಂದಷ್ಟೇ ಅಂದ.

ಅದು ನಿಜ. ಸುಳ್ಳಾಗಿದ್ದರೆ ಅವನನ್ನು ದ್ವೇಷಿಸಿಕೊಂಡಾದರೂ ಬದುಕಬಹುದಿತ್ತು.

ಸಂಜೆ ಅಂಬರೀಶ ಫೋನು ತಂದು ತೋರಿಸಿದ. ಯಾರೋ ವೀಡಿಯೊ ಹಾಕಿದ್ದರು. ಗಬ್ಬದ ಹಸುವನ್ನು ಬೆಂಕಿಗೆ ಹಾರಿಸಿದ ಕಟುಕ ಎಂದು ಕೆಳಗೆ ಬರೆದಿದ್ದರಂತೆ. ಶ್ಯಾಮಣ್ಣ ಹಗ್ಗ ಬಿಟ್ಟಿದ್ದು, ಹೋಯ್ ಎಂದಿದ್ದು, ಸುಬ್ಬಿ ಬಿದ್ದಿದ್ದು ಎಲ್ಲವೂ ಇತ್ತು. ಹೆಗಲು ತಟ್ಟಿದ ಕೈ ಇರಲಿಲ್ಲ. ಜಂಪ್ ಜಂಪ್ ಎಂದವರ ದನಿಯೂ ಇರಲಿಲ್ಲ. ಅಷ್ಟನ್ನೂ ನಾಜೂಕಾಗಿ ಕತ್ತರಿಸಿದ್ದರು. ಥೂ, ಇವರ ಓದಿಗಿಷ್ಟು ಬೆಂಕಿ ಹಾಕ.

ಅದರ ಮಾರನೇ ದಿನ ನಾನು ಸುಬ್ಬಿಯ ಕೆಚ್ಚಲ ಬಳಿ ಕೂತು ಚೊಂಬಿಗೆ ಹಾಲು ಕರೆಯುತ್ತಿದ್ದೆ. ಕರು ಇರಲಿ ಬಿಡಲಿ, ಕೆಚ್ಚಲು ತನ್ನ ಕೆಲಸ ಬಿಡುವುದಿಲ್ಲ. ಗಿಣ್ಣು ಹಾಲು ತುಂಬಿ ಕಲ್ಲಿನ ಹಾಗಾಗಿ, ಮುಟ್ಟಿದರೆ ಸುಬ್ಬಿ ನರಳುತ್ತಿತ್ತು. ಮಲಗಿದ ಹಸುವಿನ ಪಕ್ಕ ಮಂಡಿಯೂರಿ ಒಂದೊಂದೇ ಮೊಲೆ ಹಿಂಡುತ್ತಿದ್ದೆ. ಗಟ್ಟಿ ಹಳದಿ ಹಾಲು. ಕರು ಕುಡಿದು ಮಿಕ್ಕಿದ್ದನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ಬೀದಿಗೆಲ್ಲ ಹಂಚುವುದು ನಮ್ಮ ವಾಡಿಕೆ. ಈ ಸಲ ಕುಡಿಯುವ ಬಾಯಿಯೇ ಇಲ್ಲ. ಎಲ್ಲಿ ಚೆಲ್ಲುವುದು ಎಂದು ಯೋಚಿಸುತ್ತಿದ್ದೆ.

"ಆಂಟಿ" ಎಂದ ದನಿ ಕೇಳಿ ತಿರುಗಿದರೆ ಬಾಗಿಲಲ್ಲಿ ಸಿದ್ಧಾರ್ಥ್.

ಒಳಗೆ ಬರಲಿಲ್ಲ. "ಸಾರಿ ಆಂಟಿ. ಪ್ರಾಣಿ ಹಿಂಸೆ ಅಂತ ನಮ್ಮವ್ರೇ ಕೆಲವರು ಕಂಪ್ಲೇಂಟ್ ಕೊಟ್ಬಿಟ್ಟಿದಾರೆ. ಈ ವಾರದಲ್ಲೇ ಕೊಟ್ಟಿಗೆ ಎತ್ತಿಸ್ತಾರಂತೆ. ನಾನು ತುಂಬಾ ಟ್ರೈ ಮಾಡ್ದೆ, ನನ್ನ ಕೈಲಿ ಏನೂ ಇಲ್ಲ."

ಮೂಲೆಯಲ್ಲಿ ಕೂತಿದ್ದ ಶ್ಯಾಮಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. ಕೊಟ್ಟಿಗೆಯ ಕಥೆ ಅಲ್ಲಿಗೆ ಮುಗಿಯಿತು. ನನ್ನ ನಾಲಿಗೆಯ ತುದಿಗೆ ಬಂದಿದ್ದ ಬೈಗುಳಗಳನ್ನು ಒಂದೊಂದಾಗಿ ಬಿಟ್ಟಿದ್ದರೆ ಸಿದ್ಧಾರ್ಥ್ ಅಲ್ಲಿಯೇ ಸುಟ್ಟುಹೋಗುತ್ತಿದ್ದ. ಬಾಯಿ ತೆರೆದೆ ಕೂಡ.

ಅಷ್ಟರಲ್ಲಿ ಅವನು ಬೆನ್ನ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿ ಮುಂದೆ ಮಾಡಿದ. ಕಿವಿ ಕೆಂಪಾಗಿತ್ತು.

"ಆಂಟಿ, ಕೇಳೋಕೆ ಬೇಜಾರು. ನನ್ನ ವೈಫ್ ಐದು ತಿಂಗಳ ಪ್ರೆಗ್ನೆಂಟು. ಏನೂ ತಿಂತಿಲ್ಲ, ತಿಂದಿದ್ದೆಲ್ಲ ವಾಂತಿ. ಹಸು ಕರು ಹಾಕಿದೆ ಅಂತ ಯಾರೋ ಹೇಳಿದ್ರಂತೆ, ಗಿಣ್ಣು ಬೇಕು ಅಂತ ನಿನ್ನೆಯಿಂದ ಒಂದೇ ಹಟ. ಸ್ವಲ್ಪ ಸಿಗುತ್ತಾ?"

ಈ ಚೊಂಬನ್ನು ಎತ್ತಿ ಅವನ ಮುಖಕ್ಕೆ ಹೊಡೆಯಬೇಕು ಎನ್ನಿಸಿತು. ನಿಜವಾಗಿ ಎನ್ನಿಸಿತು. ಕೈ ಎತ್ತಿದ್ದೆ ಕೂಡ. ಆದರೆ ಬಸುರಿ ಬಯಸಿ ಕೇಳಿದ್ದಕ್ಕೆ ಇಲ್ಲ ಎಂದವರು ನಮ್ಮ ಹಟ್ಟಿಯಲ್ಲಿ ಯಾರೂ ಇಲ್ಲ. ನನ್ನ ಅತ್ತೆ ಹಗೆಯವರ ಮನೆಯ ಬಸುರಿಗೂ ಗೋಡೆ ಮೇಲಿಂದ ಬಟ್ಟಲು ದಾಟಿಸಿದವಳು. ಆ ಹುಡುಗಿ ಯಾರೋ ಏನೋ, ನಾನು ಮುಖ ನೋಡಿಲ್ಲ. ಅವಳ ಹೊಟ್ಟೆಯಲ್ಲಿರುವುದು ಜಂಪ್ ಎಂದು ಕೂಗಿರಲಿಲ್ಲ.

ಡಬ್ಬಿ ಈಸಿಕೊಂಡೆ. ಚೊಂಬಿನಲ್ಲಿದ್ದದ್ದು ಸಾಲಲಿಲ್ಲ. ಮತ್ತೆ ಮಂಡಿಯೂರಿ ಕೂತು ಸುಬ್ಬಿಯ ಮೊಲೆ ಹಿಂಡಿದೆ. ನೋವಿಗೆ ಅದು ಕತ್ತು ಹೊರಳಿಸಿ ನನ್ನ ಸೆರಗು ಮೂಸಿತು, ಕಾಲು ಒದೆಯುವ ತ್ರಾಣ ಇರಲಿಲ್ಲ. ಡಬ್ಬಿ ಕಂಠಮಟ್ಟ ತುಂಬಿದ ಮೇಲೆ ಮುಚ್ಚಳ ಒತ್ತಿ ಕೊಟ್ಟೆ.

"ಥ್ಯಾಂಕ್ಯೂ ಆಂಟಿ. ಫ್ರೆಶ್ ಅಲ್ವಾ?"

"ಆ ಅಸುವಿಂದೇ" ಎಂದೆ. "ಇನ್ನೂ ಜೀವ ಐತೆ. ಒಳಕ್ಕೆ ಬಂದು ಒಂದ್ಸಲ ಮಕ ನೋಡ್ಕಂಡು ಓಗಿ."

ಅವನು ಚಪ್ಪಲಿ ಬಿಡುವವನ ಹಾಗೆ ಒಂದು ಕಾಲು ಎತ್ತಿದ. ಮತ್ತೆ ಅಲ್ಲೇ ಊರಿದ. ತಲೆ ತಗ್ಗಿಸಿ, ಬೆಚ್ಚಗಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತುಳುಕದ ಹಾಗೆ ಹುಷಾರಾಗಿ ನಡೆದುಕೊಂಡು ಹೋದ.